ಹಾಸಿಗೆ ಹಾಸುವವರು

ಹೂವಿನ ಬಟ್ಟಲು ನಮ್ಮ ಮನೆ ಮುಂದೆ ಹಾದುಹೋಯಿತು, ನಿಲ್ಲಲಿಲ್ಲ.

ನಾನು ಕಂಬಗಳ ಮೇಲೆ ನಿಂತ ನಮ್ಮ ಮನೆಯ ಕೆಳಗೆ, ನೆರಳಲ್ಲಿ ಚಾಪೆ ನೇಯುತ್ತಿದ್ದೆ. ಜೀಯಪ್ ಮೋಟರ್‌ಸೈಕಲ್ ಮೇಲೆ ಬಂದಳು. ಮುಂದಿನ ಬುಟ್ಟಿಯಲ್ಲಿ ಬಟ್ಟಲು, ಬಟ್ಟಲಲ್ಲಿ ಐದು ಜೊತೆ ಬಿಳಿ ಹೂವು, ಐದು ಜೊತೆ ಮೇಣದಬತ್ತಿ. ಮದುವೆಗೆ ಮುಂಚೆ ಅಂಥ ಬಟ್ಟಲು ಯಾರ ಮನೆಗೆ ಹೋಗುತ್ತದೆಂದು ನಮ್ಮೂರಿನ ಕೋಳಿಗಳಿಗೂ ಗೊತ್ತು. ಹೊಸ ಜೋಡಿಗೆ ಹಾಸಿಗೆ ಹಾಸಿಕೊಡುವ ದಂಪತಿಯ ಮನೆಗೆ. ಇಪ್ಪತ್ತೆರಡು ವರ್ಷದಿಂದ ನಮ್ಮೂರಲ್ಲಿ ಆ ದಂಪತಿ ಅಂದರೆ ನಾನು, ಕಂಪೂನ್, ಮತ್ತು ನನ್ನ ಗಂಡ ಬುನ್‌ಥಾನ್. ಮದುವೆ ಜೀಯಪ್‌ಳದೇ. ನನ್ನ ತಂಗಿಯ ಮಗಳು. ಮೂರು ವರ್ಷದವಳಿದ್ದಾಗಿನಿಂದ ನನ್ನ ಕೈಯಲ್ಲಿ ಉಂಡು ಬೆಳೆದವಳು. ಅವಳು "ದೊಡ್ಡಮ್ಮಾ" ಅಂತ ಕೈಯೆತ್ತಿ, ಕಣ್ಣು ತಪ್ಪಿಸಿ, ಮುಂದೆ ಹೋಗಿಬಿಟ್ಟಳು.

ಎದ್ದು ಬೀದಿಗೆ ಬಂದು ನೋಡಿದೆ. ಗಾಡಿ ಶಾಲೆಯ ಹಿಂದಕ್ಕೆ ತಿರುಗಿತು. ಅಲ್ಲಿರುವುದು ಒಂದೇ ಮನೆ, ಬುವಾ ಟೀಚರದು. ಟೀಚರ್ ಮದುವೆಯೇ ಆದವಳಲ್ಲ. ಅವಳ ಜೊತೆ ಟೈಲರ್ ನುವಾನ್ ಇದ್ದಾಳೆ, ಮೂವತ್ತು ವರ್ಷಕ್ಕೂ ಮೇಲಾಯಿತು. ಊರು ಅವರನ್ನು ಗೆಳತಿಯರು ಅನ್ನುತ್ತದೆ, ಅಷ್ಟಕ್ಕೇ ಸುಮ್ಮನಾಗುತ್ತದೆ.

ಯಾರೋ ಬಾಯಿ ಬಿಟ್ಟಿದ್ದಾರೆ. ನನಗೆ ಮೊದಲು ಹೊಳೆದದ್ದು ಅದೇ.

ಹಾಸಿಗೆ ಹಾಸುವುದು ಬಂದವರೆಲ್ಲ ಮಾಡುವ ಕೆಲಸವಲ್ಲ. ಇಬ್ಬರಿಗೂ ಅದು ಮೊದಲ ಮದುವೆಯಾಗಿರಬೇಕು. ಇಬ್ಬರೂ ಬದುಕಿರಬೇಕು. ಕೂಡಿದ ದಿನದಿಂದ ಒಂದೇ ಸೊಳ್ಳೆಪರದೆಯೊಳಗೆ ಮಲಗಿ ಎದ್ದವರಾಗಿರಬೇಕು. ಅಂಥವರು ಹಾಸಿಗೆ ಬಿಡಿಸಿ, ಗಂಡಿನ ದಿಂಬನ್ನು ಹೆಣ್ಣಿನದಕ್ಕಿಂತ ನಾಲ್ಕು ಬೆರಳು ಮೇಲಿಟ್ಟು, ಪಕ್ಕದಲ್ಲಿ ಬೂದುಗುಂಬಳ, ಅರೆಯುವ ಕಲ್ಲು, ಮಳೆನೀರಿನ ಬಟ್ಟಲು ಇಟ್ಟು, ಮೊದಲು ತಾವೇ ಅದರ ಮೇಲೆ ಒಂದು ಗಳಿಗೆ ಮಲಗಬೇಕು. ಮಲಗಿಕೊಂಡೇ, "ಎಂಥ ಹಾಸಿಗೆ, ಎಂಥ ನಿದ್ದೆ, ನೂರು ವರ್ಷವಾದರೂ ಏಳೋ ಮನಸ್ಸಾಗೋದಿಲ್ಲ" ಅನ್ನಬೇಕು. ಹಾಸಿದವರ ಬಾಳು ಮಲಗುವವರಿಗೆ ಅಂಟುತ್ತದೆ ಅಂತ ನಂಬಿಕೆ.

ನಾನೂ ಅವನೂ ಎಂಟು ವರ್ಷದಿಂದ ಒಂದು ಪರದೆಯೊಳಗೆ ಮಲಗಿಲ್ಲ.

ಎಂಟು ವರ್ಷದ ಹಿಂದೆ ಅವನ ಅಂಗಿ ಒಗೆಯುವಾಗ ಜೇಬಿನಲ್ಲಿ ಉದೋನ್ ಪಟ್ಟಣದ ಬಸ್ ಟಿಕೆಟ್ ಸಿಕ್ಕಿತು, ಜೊತೆಗೆ ಒಂದು ಹಸಿರು ಬಾಚಣಿಗೆ. ಬಾಚಣಿಗೆಯ ಹಲ್ಲಿನಲ್ಲಿ ಉದ್ದನೆಯ ಕೂದಲು. ನಾನು ಏನೆಂದು ಕೇಳಲಿಲ್ಲ, ಅವನು ಹೇಳಲಿಲ್ಲ. ಅವತ್ತು ಸಂಜೆ ಅವನ ಪರದೆ, ಚಾಪೆ ಎರಡನ್ನೂ ಮನೆಯ ಕೆಳಕ್ಕೆ ಇಳಿಸಿ ಕಂಬದ ಹತ್ತಿರ ಇಟ್ಟೆ. ಅವನು ತುಟಿ ಪಿಟಕ್ಕೆನ್ನದೆ ಅಲ್ಲೇ ಮಲಗಿದ. ಅಲ್ಲಿಂದ ಈಚೆಗೆ ನಮ್ಮ ಮಾತುಕತೆಯೆಲ್ಲ ನಾಯಿಯ ಮೂಲಕ. "ದೇಂಗ್, ಅನ್ನ ಇಟ್ಟಿದೀನಿ ಅಂತ ಹೇಳು" ಅನ್ನುತ್ತೇನೆ ನಾನು. "ದೇಂಗ್, ನಾಳೆ ಗದ್ದೆಗೆ ನೀರು ಬಿಡ್ತಾರಂತೆ" ಅನ್ನುತ್ತಾನೆ ಅವನು. ಕೆಂಪು ನಾಯಿ ಇಬ್ಬರ ಮುಖವನ್ನೂ ನೋಡಿ ಬಾಲ ಅಲ್ಲಾಡಿಸುತ್ತದೆ. ಜನರೆದುರಿಗೆ ಮಾತ್ರ ಅವನು ನನಗೆ "ಇವರು", ನಾನು ಅವನಿಗೆ "ಇವಳೇ". ಮದುವೆ ಮನೆಯಲ್ಲಿ ಪಕ್ಕದಲ್ಲಿ ಮಲಗಿ ನಗುತ್ತೇವೆ. ಜನ ಕಣ್ಣೊರೆಸಿಕೊಳ್ಳುತ್ತಾರೆ. ಎಂಟು ವರ್ಷದಿಂದ ನನ್ನ ಬಾಳಲ್ಲಿ ಉಳಿದಿದ್ದ ಮರ್ಯಾದೆ ಅಂದರೆ ಆ ಒಂದು ಗಳಿಗೆಯೇ. ಈಗ ಅದೂ ಹೋಗುವ ಹಾಗೆ ಕಾಣುತ್ತಿತ್ತು.

ಗುಟ್ಟು ಗೊತ್ತಿದ್ದದ್ದು ಮೂವರಿಗೆ, ನಾಯಿ ಬಿಟ್ಟರೆ. ನನಗೆ, ಅವನಿಗೆ, ನಮ್ಮ ಜೊತೆ ಬೆಳೆದ ಜೀಯಪ್‌ಗೆ. ಜೀಯಪ್ ಇಷ್ಟು ವರ್ಷ ಒಂದಕ್ಷರ ಆಡಿದವಳಲ್ಲ. ಹಾಗಾದರೆ ನಾಲ್ಕನೆಯವಳು ಯಾರು? ದಾವ್. ಜೀಯಪ್‌ಳನ್ನು ಮದುವೆಯಾಗಲು ಬಂದಿರುವ ಹುಡುಗಿ.

ದಾವ್ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ದಕ್ಷಿಣದ ಸಮುದ್ರ ತೀರದವಳು, ಬಡಗಿ. ಮೊಳಕಾಲಿನ ತನಕ ಕೂದಲು, ಹೂವಿನ ಲಂಗ. ಆದರೆ ಮರ ಕೊಯ್ಯಲು ನಿಂತರೆ ಗಂಡಸರು ದೂರ ಸರಿಯಬೇಕು. ನಮ್ಮ ಜೀಯಪ್ ಆರೋಗ್ಯ ಕೇಂದ್ರದಲ್ಲಿ ನರ್ಸ್. ಕತ್ತರಿಸಿದ ಕೂದಲು, ಪ್ಯಾಂಟು, ಆದರೆ ಒಂದು ಮೊಳೆ ಹೊಡೆಯಲು ಬಾರದು. ಹೆಣ್ಣು ಹೆಣ್ಣನ್ನು ಮದುವೆಯಾಗಬಹುದು ಅಂತ ಹೊಸ ಕಾನೂನು ಬಂದಿದೆ, ತಾಲ್ಲೂಕು ಕಚೇರಿಯ ಕಾಗದದಲ್ಲಿ ಗಂಡ-ಹೆಂಡತಿ ಅಂತ ಇದ್ದಲ್ಲಿ ಈಗ ಇಬ್ಬರಿಗೂ ಸಂಗಾತಿ ಅಂತಲೇ ಬರೆಯುತ್ತಾರೆ, ಅದೆಲ್ಲ ನನಗೂ ಗೊತ್ತು. ಆದರೆ ಊರಿನವರಿಗೆ ಅಷ್ಟರಿಂದ ಸಮಾಧಾನವಾಗಬೇಕಲ್ಲ.

"ಅಲ್ಲ ಕಂಪೂನ್, ಗಂಡು ಯಾರು ಅಂತಾನಾದ್ರೂ ಹೇಳ್ಬಾರ್ದಾ?" ಅಂತ ಊರ ಮುಖಂಡನ ಹೆಂಡತಿ ಲಮಾಯ್ ನಾಲ್ಕು ಸಲ ಕೇಳಿದ್ದಳು. "ಮೆಟ್ಟಿಲ ಕೆಳಗೆ ಕಲ್ಲಿನ ಮೇಲೆ ನಿಲ್ಲಿಸಿ ಯಾರ ಕಾಲು ತೊಳೀಬೇಕು ನಾವು? ಆ ಉದ್ದ ಜಡೆಯವಳ್ದಾ, ಈ ಮೋಟು ಕೂದಲಿನವಳ್ದಾ?"

"ನಿಂಗ್ಯಾಕೆ ಆ ಚಿಂತೆ? ನೀರು ನಿಂದಾ?" ಅಂತ ಅವಳ ಬಾಯಿ ಮುಚ್ಚಿಸಿದ್ದೆ. ಆದರೆ ನಾನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆ. ಊಟಕ್ಕೆ ಕೂತಾಗ ಯಾರು ಮೊದಲು ಅನ್ನಕ್ಕೆ ಕೈ ಹಾಕುತ್ತಾರೆ, ಗಾಡಿ ಯಾರು ಓಡಿಸುತ್ತಾರೆ, ಜಗಳದಲ್ಲಿ ಯಾರು ಸೋಲುತ್ತಾರೆ. ಒಂದು ದಿನ ಒಬ್ಬಳು, ಮರುದಿನ ಇನ್ನೊಬ್ಬಳು. ನನ್ನ ಲೆಕ್ಕ ಯಾವತ್ತೂ ತಾಳೆಯಾಗಲಿಲ್ಲ.

ಮಂಚವನ್ನು ದಾವ್ ತಾನೇ ಮಾಡುತ್ತೇನೆ ಅಂದಳು. ಹಳೆ ಮಂಚದ ಅಳತೆ ನೋಡಲು ಟೇಪು ಹಿಡಿದು ನಮ್ಮ ಮನೆಗೆ ಬಂದವಳು, ಮೇಲಿನ ಕೋಣೆಯಲ್ಲಿ ನನ್ನ ಒಂಟಿ ದಿಂಬು ನೋಡಿದಳು. ಕೆಳಗಿಳಿದು ಕಂಬಕ್ಕೆ ಸುತ್ತಿ ಕಟ್ಟಿದ್ದ ಅವನ ಪರದೆ ನೋಡಿದಳು.

"ದೊಡ್ಡಪ್ಪ ಇಲ್ಲಿ ಮಲಗ್ತಾರಾ?"

"ಬೆನ್ನು ನೋವು ಅವರಿಗೆ. ಮೆಟ್ಟಿಲು ಹತ್ತಕ್ಕಾಗಲ್ಲ."

"ಓ" ಅಂದಳು. ಅದೇ ಹೊತ್ತಿಗೆ ಹಿತ್ತಿಲಲ್ಲಿ ಬೆನ್ನು ನೋವಿನ ಮನುಷ್ಯ ಬೂರುಗದ ಮರದ ನೆತ್ತಿಯಲ್ಲಿ ಕೂತು ಕಾಯಿ ಉದುರಿಸುತ್ತಿದ್ದ. ದಾವ್ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಟೇಪನ್ನು ಸರ್ರನೆ ಸುತ್ತಿಕೊಂಡು ಹೋದಳು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಇವಳೇ ಹೇಳಿದ್ದು, ಇನ್ಯಾರು?

ಬಟ್ಟಲು ಹಾದುಹೋದ ಮೇಲೆ ಅವನ ಮೇಲೂ ಕಣ್ಣಿಟ್ಟೆ. ಅವನು ಮಧ್ಯಾಹ್ನ ಊಟವಾದ ಕೂಡಲೇ ಮಾಯವಾಗುತ್ತಿದ್ದ. ಸಂಜೆ ಬಂದಾಗ ಭುಜದ ಮೇಲೆ, ಹುಬ್ಬಿನಲ್ಲಿ, ಕಿವಿಯ ಕೂದಲಲ್ಲಿ ಬಿಳಿ ಹತ್ತಿ. ಅರವತ್ತನಾಲ್ಕರ ಗಂಡಸು ಯಾರ ಹಾಸಿಗೆ ದಿಂಬಿನಲ್ಲಿ ಹೊರಳಾಡಿ ಬರುತ್ತಾನೆ? ಹಳೆಯ ಬಾಚಣಿಗೆ ನೆನಪಾಗಿ ಮೈಯೆಲ್ಲ ಉರಿಯಿತು. "ದೇಂಗ್, ಕೆಲವರಿಗೆ ವಯಸ್ಸಾದ್ರೂ ನಾಚಿಕೆ ಬರಲ್ಲ ನೋಡು" ಅಂದೆ. ಅವನು ನಾಯಿಯ ಕಡೆ ನೋಡಿದ. ನಾಯಿಯೇ ತಲೆ ತಗ್ಗಿಸಿತು.

ಮದುವೆಗೆ ಇನ್ನು ಮೂರು ದಿನವಿದ್ದಾಗ ನಾನು ಅವನ ಹಿಂದೆ ಹೋದೆ. ತಲೆಗೆ ಟವೆಲು ಸುತ್ತಿಕೊಂಡು, ಗದ್ದೆಯ ಬದುವಿನ ಮೇಲೆ, ಬಿದಿರಿನ ಮರೆಯಲ್ಲಿ. ಈ ವಯಸ್ಸಿನಲ್ಲಿ ಗಂಡನ ಬೇಹುಗಾರಿಕೆ ಮಾಡುವುದು ಅಂದರೆ ಸಣ್ಣ ಕೆಲಸವಲ್ಲ. ಎರಡು ಸಲ ಕಾಲು ಜಾರಿತು. ಅವನ ಗಾಡಿ ಹಳೆಯ ಅಕ್ಕಿ ಗಿರಣಿಯ ಮುಂದೆ ನಿಂತಿತು. ಆ ಗಿರಣಿಯನ್ನೇ ದಾವ್ ಬಾಡಿಗೆಗೆ ಹಿಡಿದು ಕೆಲಸದ ಶೆಡ್ಡು ಮಾಡಿಕೊಂಡಿದ್ದಳು. ನಾನು ಹಿಂಭಾಗದ ತಗಡಿನ ಸಂದಿಗೆ ಕಣ್ಣು ಹಚ್ಚಿದೆ.

ಒಳಗೆ ಹೊಸ ಮಂಚ. ಅದರ ಪಕ್ಕ ನೆಲದ ಮೇಲೆ ಬೂರುಗದ ಹತ್ತಿಯ ರಾಶಿ. ನನ್ನ ಗಂಡ ಕಾಲು ಚಾಚಿ ಕೂತು, ಬೀಜ ಆರಿಸಿ ಆರಿಸಿ, ಒಂದು ದಿಂಬಿಗೆ ಹತ್ತಿ ತುಂಬುತ್ತಿದ್ದ. ಇನ್ನೊಂದು ದಿಂಬು ತುಂಬಿ ಮುಗಿದಿತ್ತು. ದಾವ್ ಎರಡರ ಪಕ್ಕ ಅಳತೆಪಟ್ಟಿ ಹಿಡಿದು ಬಗ್ಗಿದ್ದಳು.

"ಎಡಗಡೇದು ಇನ್ನೂ ಒಂದು ಬೆರಳು ಕಮ್ಮಿ ಇದೆ ದೊಡ್ಡಪ್ಪ. ಎರಡೂ ಒಂದೇ ಎತ್ತರ ಬೇಕು ಅಂದಿದಾಳೆ ಜೀಯಪ್."

"ತುಂಬ್ತೀನಿ ಇರು."

ಅವನು ಇನ್ನೊಂದು ಹಿಡಿ ಹತ್ತಿ ತುರುಕಿದ. ಆಮೇಲೆ ದಾವ್ ಅಂದಳು, "ದೊಡ್ಡಮ್ಮಂಗೆ ನೀವೇ ಹೇಳ್ಬೇಕಿತ್ತು. ಬಟ್ಟಲು ತಗೊಂಡು ನಿಮ್ಮನೆ ಮುಂದೆ ಹೋಗಿದ್ದಕ್ಕೆ ಜೀಯಪ್ ಆವತ್ತಿಡೀ ಅತ್ಲು. ನಾನು ಹೇಳ್ಕೊಟ್ಟೆ ಅಂತ ದೊಡ್ಡಮ್ಮ ನನ್ನ ಕಣ್ಣಲ್ಲೇ ಸುಡ್ತಿದಾರೆ."

"ಹೇಗೆ ಹೇಳ್ಲಮ್ಮ? ನಾವು ಮಾತಾಡೋದು ನಾಯಿ ಹತ್ರ."

ದಾವ್ ನಕ್ಕಳು. ಅವನು ನಗಲಿಲ್ಲ. ಅವಳ ನಗು ಅರ್ಧಕ್ಕೇ ನಿಂತಿತು.

"ನಮ್ಮ ಮನೆಗೆ ಬಟ್ಟಲು ತರ್ಬೇಡ ಅಂತ ಜೀಯಪ್‌ಗೆ ನಾನೇ ಹೇಳ್ದೆ" ಅಂದ ಅವನು, ಹತ್ತಿಯ ಕಡೆಗೇ ನೋಡುತ್ತ. "ಬೇರೆಯವರ ಮದುವೇಲಿ ಹಾಸ್ದೆ, ಮಲಗ್ದೆ, ಹಲ್ಲು ಕಿರಿದು ಎದ್ದೆ. ಜೀಯಪ್ ನಮ್ಮಿಬ್ಬರ ಮಧ್ಯೆ ಮೆಟ್ಟಿಲು ಹತ್ತಿ ಇಳಿದು ಹೈರಾಣಾದೋಳು. ಇವಳ ಹಾಸಿಗೆ ಮೇಲೆ ಮಲಗಿ ಸುಳ್ಳು ಹೇಳಕ್ಕೆ ನನ್ನ ಕೈಲಾಗಲ್ಲ. ನಾನು ತಪ್ಪು ಮಾಡಿದ್ದು ಹೌದು. ನಿಮ್ಮ ದೊಡ್ಡಮ್ಮ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ಕೇಳ್ತಾಳೆ ಕೇಳ್ತಾಳೆ ಅಂತ ಎಂಟು ವರ್ಷ ಆ ಕಂಬದ ಹತ್ರ ಕಾದೆ."

ನಾನು ಬಂದ ದಾರಿಯಲ್ಲೇ ವಾಪಸು ಹೋದೆ. ಅತ್ತೆನೋ ಇಲ್ಲವೋ ನೆನಪಿಲ್ಲ. ಸಿಟ್ಟು ಮಾತ್ರ ಚೆನ್ನಾಗಿ ನೆನಪಿದೆ. ನನ್ನ ಹತ್ತಿರ ಆಡದ ಮಾತನ್ನು ನಿನ್ನೆ ಮೊನ್ನೆ ಬಂದ ಹುಡುಗಿಯ ಮುಂದೆ ಹತ್ತಿ ಬಿಡಿಸಿದ ಹಾಗೆ ಬಿಡಿಸಿಟ್ಟಿದ್ದ. ಕಾದನಂತೆ! ಬಾಯಿ ಅವನಿಗೂ ಇತ್ತಲ್ಲ. ನನ್ನನ್ನು ಕೇಳದೆಯೇ ನನ್ನ ಸ್ಥಾನ ಬಿಟ್ಟುಕೊಡಲು ಇವನ್ಯಾರು?

ಮರುದಿನ ಲಮಾಯ್ ಬಂದು ಪಪ್ಪಾಯಿ ಹೆರೆಯುತ್ತ ಪಿಸುಗುಟ್ಟಿದಳು. "ಬಟ್ಟಲು ಟೀಚರ್ ಮನೆಗೆ ಹೋಯ್ತಂತೆ? ಊರಿಗೆ ಕೆಟ್ಟ ಹೆಸರು. ಮದುವೆ ದಿನ ನಾನು ಎದ್ದು ಕೇಳ್ತೀನಿ, ನೀನು ಮುಂದೆ ಬಂದ್ಬಿಡು. ಎಲ್ಲರ ಮುಂದೆ ಬುನ್‌ಥಾನ್ ಬೇಡ ಅನ್ನೋ ಹಾಗಿಲ್ಲ. ಏನಂತೀಯ?"

ನಾನು ಅವಳ ಕೈಗೆ ಇನ್ನೊಂದು ಪಪ್ಪಾಯಿ ಕೊಟ್ಟೆ. ಅವಳು ಹೋದ ಮೇಲೆ ಅಟ್ಟದಿಂದ ಅರೆಯುವ ಕಲ್ಲು ಇಳಿಸಿ ತೊಳೆದಿಟ್ಟೆ. ಹಿತ್ತಿಲ ಬೂದುಗುಂಬಳಗಳಲ್ಲಿ ಗುಂಡಗಿದ್ದದ್ದನ್ನು ಕೊಯ್ದೆ.

ಮದುವೆ ನಮ್ಮ ಪಂಚಾಂಗದ ಆರನೆಯ ತಿಂಗಳಲ್ಲಿ, ಮಳೆಗೆ ಮುಂಚಿನ ಶೆಕೆಯ ಬೆಳಿಗ್ಗೆ, ಹೊಸ ಜೋಡಿ ಇರಲಿದ್ದ ಮನೆಯಲ್ಲಿ. ಕಾಲು ತೊಳೆಯುವ ಕಲ್ಲಿನ ಮೇಲೆ ಬಾಳೆ ಎಲೆ ಹಾಸಿದ್ದರು. ಇಬ್ಬರೂ ಒಟ್ಟಿಗೆ ಹತ್ತಿ ನಿಂತರು. ಕಲ್ಲು ಸಣ್ಣದು, ಒಬ್ಬರನ್ನೊಬ್ಬರು ಹಿಡಿದುಕೊಳ್ಳದೆ ನಿಲ್ಲುವ ಹಾಗಿರಲಿಲ್ಲ. ನೀರು ಸುರಿಯುವ ಹುಡುಗಿಯರು ನಕ್ಕು ನಕ್ಕು ನಾಲ್ಕೂ ಕಾಲು ತೊಳೆದರು. ಮಂತ್ರ ಹೇಳುವ ಅಜ್ಜ ಬೆಂದ ಮೊಟ್ಟೆಯನ್ನು ದಾರದಿಂದ ಸೀಳಿದ. ಗಂಡು ಬಲಗೈಯಲ್ಲಿ, ಹೆಣ್ಣು ಎಡಗೈಯಲ್ಲಿ ತಿನ್ನಿಸಬೇಕು ಅನ್ನಲು ಹೋದವನು, ಇಬ್ಬರನ್ನೂ ನೋಡಿ, ಕೆಮ್ಮಿ, "ಯಾವ ಕೈಲಾದ್ರೂ ತಿನ್ಸಿ, ಹಸಿವಾಗ್ತಿದೆ ಎಲ್ರಿಗೂ" ಅಂದ. ಹಿರಿಯರು ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದರು. ನಾನೂ ಕಟ್ಟಿದೆ. ಜೀಯಪ್‌ಳ ಕೈ ತಣ್ಣಗಿತ್ತು. ದಾವ್‌ಗೆ ಕಟ್ಟುವಾಗ ಅವಳ ಕಣ್ಣಲ್ಲಿ ಏನಾದರೂ ಕಳ್ಳತನ ಕಾಣುತ್ತದೋ ಅಂತ ಹುಡುಕಿದೆ. ನಿದ್ದೆಗೆಟ್ಟ ಕಣ್ಣು, ಅಷ್ಟೆ.

ಆಮೇಲೆ ಕೋಣೆ. ಹೊಸ ಮಂಚ ನುಣ್ಣಗೆ ಹೊಳೆಯುತ್ತಿತ್ತು. ಬುವಾ ಟೀಚರ್ ಸುತ್ತಿದ ಹಾಸಿಗೆ ಹಿಡಿದು ಮುಂದೆ ಬಂದಳು, ಹಿಂದೆ ನುವಾನ್ ಎರಡು ದಿಂಬು ತಬ್ಬಿಕೊಂಡು. ಬಾಗಿಲಲ್ಲಿ ಊರು ಜಮಾಯಿಸಿತ್ತು. ನನ್ನ ಚೀಲದಲ್ಲಿ ಕುಂಬಳ, ಕಲ್ಲು ಎರಡೂ ಇದ್ದವು.

"ಒಂದ್ನಿಮಿಷ" ಅಂದಳು ಲಮಾಯ್. "ಟೀಚರ್, ತಪ್ಪು ತಿಳ್ಕೋಬೇಡಿ. ನನ್ನ ಮಕ್ಕಳಿಗೂ ಅಕ್ಷರ ಕಲಿಸಿದೋರು ನೀವು. ಆದ್ರೆ ಹಾಸಿಗೆ ಹಾಸೋರು ಒಂದೇ ಸೊಳ್ಳೆಪರದೆಯೊಳಗೆ ಬಾಳಿ ಬದುಕಿದೋರು ಆಗಿರ್ಬೇಕು. ಅದು ನಮ್ಮ ಹಿರೀಕರು ಮಾಡಿದ್ದು. ಕಂಪೂನ್ ಇಲ್ಲೇ ಇದಾಳೆ, ಬುನ್‌ಥಾನಣ್ಣಾನೂ ಇದಾರೆ."

ಎಲ್ಲರೂ ನನ್ನ ಕಡೆ ತಿರುಗಿದರು. ಬುನ್‌ಥಾನ್ ಗೋಡೆಗೆ ಒರಗಿ ಮಳೆನೀರಿನ ಬಟ್ಟಲು ಹಿಡಿದು ನಿಂತಿದ್ದ. ಜೀಯಪ್ ಒಮ್ಮೆ ನನ್ನ ಕಡೆ, ಒಮ್ಮೆ ಅವನ ಕಡೆ ತಿರುಗಿದಳು. ನಾವು ಬೇರೆ ಮಲಗತೊಡಗಿದಾಗ, ಹತ್ತೊಂಬತ್ತರ ವಯಸ್ಸಿನಲ್ಲಿ, ನಮ್ಮ ಮೆಟ್ಟಿಲ ಮಧ್ಯೆ ನಿಂತು ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು.

"ಬಿಡಿ, ನಾವು ಹೊರಗೇ ಇರ್ತೀವಿ. ಅಭ್ಯಾಸ ಇದೆ" ಅಂದಳು ನುವಾನ್, ಮೆಲ್ಲಗೆ. ದಿಂಬುಗಳನ್ನು ಮಂಚದ ಮೇಲಿಟ್ಟು ಹಿಂದೆ ಸರಿದಳು. ಶೆಕೆಗೆ ಅವಳ ಕನ್ನಡಕದ ಗಾಜು ಮಂಜಾಗಿತ್ತು. ಬುವಾ ಟೀಚರ್ ಏನೂ ಯೋಚಿಸದೆ ಅವಳ ಮೂಗಿನ ಮೇಲಿಂದ ಕನ್ನಡಕ ತೆಗೆದು, ತನ್ನ ಹೆಗಲವಸ್ತ್ರದ ತುದಿಯಲ್ಲಿ ಒರೆಸಿ, ಮತ್ತೆ ಹಾಕಿದಳು. ನುವಾನ್ ಮಗುವಿನ ಹಾಗೆ ಮುಖ ಮುಂದೆ ಮಾಡಿದ್ದಳು. ಊರೆಲ್ಲ ನೋಡುತ್ತಿದೆ ಅನ್ನುವ ಖಬರೇ ಇಬ್ಬರಿಗೂ ಇರಲಿಲ್ಲ. ಅವರು ನಮ್ಮ ಹಾಗೆ ಜನ ನೋಡಲಿ ಅಂತ ಮಾಡಿದ್ದಲ್ಲ ಅದು. ನನಗೆ ಹೊಟ್ಟೆ ಕಿಚ್ಚಾಯಿತು, ಹೇಳಿಯೇ ಬಿಡುತ್ತೇನೆ.

"ಒಂದೇ ಸೊಳ್ಳೆಪರದೆ ಅಂದ್ಯಲ್ಲ ಲಮಾಯ್" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ನಾನೂ ಇವನೂ ಎಂಟು ವರ್ಷದಿಂದ ಒಂದು ಪರದೆಯೊಳಗೆ ಮಲಗಿಲ್ಲ. ಇವನು ಕೆಳಗೆ, ನಾನು ಮೇಲೆ. ಈ ಎಂಟು ವರ್ಷದಲ್ಲಿ ನಿಮ್ಮಗಳ ಮಕ್ಕಳಿಗೆ ಹಾಸಿದ್ದೆಲ್ಲ ನಾಟಕ. ನಿನ್ನ ಕಿರಿ ಮಗಳದ್ದೂ ಸೇರಿಸ್ಕೋ."

ಲಮಾಯ್ ಬಾಯಿಗೆ ಕೈ ಇಟ್ಟುಕೊಂಡಳು. ಯಾರೋ "ಅಯ್ಯೋ" ಅಂದರು. ನಾನು ನಿಲ್ಲಿಸಲಿಲ್ಲ, ಟೀಚರ್ ಕಡೆ ತಿರುಗಿದೆ.

"ಟೀಚರ್, ನಿಮ್ಮನೇಲಿ ಪರದೆ ಎಷ್ಟಿವೆ?"

ಬುವಾ ಟೀಚರ್ ನುವಾನ್‌ಳ ಮುಖ ನೋಡಿದಳು. ಮೂವತ್ತು ವರ್ಷ ಊರು ಕೇಳದೆ ಬಿಟ್ಟಿದ್ದ ಪ್ರಶ್ನೆ ಅದು.

"ಒಂದೇ" ಅಂದಳು. "ಮೊದಲಿಂದಾನೂ ಒಂದೇ."

"ಮತ್ತಿನ್ನೇನು, ಹಾಸಿ" ಅಂದು ಚೀಲದಿಂದ ಕುಂಬಳ, ಕಲ್ಲು ತೆಗೆದು ಅವಳ ಕೈಗೆ ಕೊಟ್ಟೆ.

ಹಾಸಿದರು. ದಿಂಬುಗಳನ್ನು ಒಂದರ ಪಕ್ಕ ಒಂದು ಇಟ್ಟರು. ಯಾವುದೂ ಮೇಲಿಲ್ಲ, ಯಾವುದೂ ಕೆಳಗಿಲ್ಲ. ಇಬ್ಬರು ಮುದುಕಿಯರು ಮಲಗಿದರು. ಟೀಚರ್ "ಎಂಥ ಹಾಸಿಗೆ" ಅಂತ ಶುರುಮಾಡಿದಳು, ಮುಂದಕ್ಕೆ ಹೋಗಲಾಗಲಿಲ್ಲ. ನುವಾನ್ ಸೂರು ನೋಡುತ್ತ ಉಳಿದದ್ದನ್ನು ಹೇಳಿ ಮುಗಿಸಿದಳು. ಏಳಲೇ ಇಲ್ಲ ಇಬ್ಬರೂ. ಕೊನೆಗೆ ಮಂತ್ರದ ಅಜ್ಜ, "ಏಳ್ರಮ್ಮ, ಮದುವೆ ಆ ಮಕ್ಕಳದ್ದು" ಅಂದಾಗ ಎಲ್ಲರೂ ನಕ್ಕರು. ಜೀಯಪ್ ಬಂದು ನನ್ನ ಭುಜಕ್ಕೆ ಹಣೆ ಒತ್ತಿದಳು. ನಾನು ಅವಳ ಬೆನ್ನು ತಟ್ಟಿ, ಊಟಕ್ಕೆ ನಿಲ್ಲದೆ ಹೊರಟೆ.

ಮನೆಗೆ ಬಂದು ಮೆಟ್ಟಿಲ ಮೇಲೆ ಕೂತೆ. ನಾಳೆಯಿಂದ ಯಾರೂ ನಮ್ಮ ಮನೆಗೆ ಬಟ್ಟಲು ತರುವುದಿಲ್ಲ. ಸ್ವಲ್ಪ ಹೊತ್ತಿಗೆ ಅವನ ಗಾಡಿ ಬಂತು. ಅವನು ಬಂದು ಕಂಬದ ಹತ್ತಿರ ನಿಂತ, ಅಲ್ಲೇ, ತನ್ನ ಜಾಗದಲ್ಲಿ. ಹುಬ್ಬಿನಲ್ಲಿ ಇನ್ನೂ ಒಂದು ಎಳೆ ಹತ್ತಿಯಿತ್ತು.

"ದೇಂಗ್" ಅಂತ ಬಾಯಿ ತೆರೆದೆ. ನಾಯಿ ಇರಲಿಲ್ಲ. ಮದುವೆ ಮನೆಯಲ್ಲಿ ಮೂಳೆಗೆ ಕಾದು ಕೂತಿತ್ತು.

ಅಂಗಳದಲ್ಲಿ ನಾವಿಬ್ಬರೇ. ಈಗಲೂ ಅವನ ಮೇಲೆ ನನಗೆ ನಂಬಿಕೆಯಿಲ್ಲ. ಏನು ಹೇಳಿದರೂ ಅರ್ಧ ನಂಬುತ್ತೇನೆ, ಅರ್ಧ ತೂಗಿ ನೋಡುತ್ತೇನೆ. ಆದರೆ ಆ ಮುದುಕಿಯರು ಏಳದೆ ಮಲಗಿದ್ದದ್ದು ಕಣ್ಣ ಮುಂದಿನಿಂದ ಹೋಗಲೊಲ್ಲದು.

"ಆ ಬಾಚಣಿಗೆ ಯಾರದು?" ಅಂತ ಕೇಳಿದೆ, ನೇರವಾಗಿ ಅವನ ಮುಖ ನೋಡಿ.

ಅವನು ಬಂದು ಎರಡು ಮೆಟ್ಟಿಲು ಕೆಳಗೆ ಕೂತ. ಚಪ್ಪಲಿ ಬಿಚ್ಚಿಟ್ಟ. ಆಮೇಲೆ ಹೇಳಲು ಶುರುಮಾಡಿದ.